ದೇವರನ್ನು ನಂಬದವರು ದೇವರಿರುವ ಡಿಸ್ಟೋಪಿಯಾ ಓದುವುದು ಹೇಗೆ?

ಪ್ರಶ್ನೆ: ನಾನು ನಾಸ್ತಿಕ. ಪಿಯುಸಿ ಓದುವ ಮಗಳು ಡಿಸ್ಟೋಪಿಯಾ, ಅಂದರೆ ಹಾಳಾದ ನಾಳೆಗಳ ಕಾದಂಬರಿಗಳನ್ನು ಬಿಡದೆ ಓದುತ್ತಾಳೆ. ಕೆಲವುಗಳ ತುಂಬ ಪ್ರಾರ್ಥನೆ, ಬೋಧನೆ. ನನಗವು ಮತಪ್ರಚಾರದಂತೆ ಕಾಣುತ್ತವೆ. ಹೇಗೆ ಓದಲಿ? (ಸಿಂಧನೂರಿನ ಓದುಗರು)

ನಾನೂ ನಂಬುವವಳಲ್ಲ. ಆದರೂ ಮುದಗಲ್ಲಿನ ಮೊಹರಂಗೆ ಹೋಗುತ್ತೇನೆ. ಕರ್ಬಲಾ ಕದನದ ಕಥೆ ಹೇಳುವ ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಅಲ್ಲಿ ಪ್ರವಾದಿಯ ಮೊಮ್ಮಗ ಹುಸೇನರ ಹಸುಗೂಸು ನೀರಿಗಾಗಿ ಒದ್ದಾಡಿದ ಮಾತು ಬಂದರೆ ನನ್ನ ಗಂಟಲು ಕಟ್ಟುತ್ತದೆ. ರಾಯಚೂರಿನ ಬೇಸಿಗೆ ಕಂಡವರಿಗೆ ಆ ಬಾಯಾರಿಕೆ ತಿಳಿಯಲು ಯಾವ ದೀಕ್ಷೆಯೂ ಬೇಡ. ಕಾದಂಬರಿಯನ್ನೂ ನಾನು ಹಾಗೇ ಓದುತ್ತೇನೆ.

ಆಕ್ಟೇವಿಯಾ ಬಟ್ಲರ್ ಅವರ ‘ಪ್ಯಾರಬಲ್ ಆಫ್ ದಿ ಸೋವರ್’ (1993) ತೆಗೆದುಕೊಳ್ಳಿ. ಹದಿಹರೆಯದವರಿಗೆಂದೇ ಬರೆದದ್ದಲ್ಲ, ಆದರೆ ಕಥೆ ಶುರುವಾದಾಗ ನಾಯಕಿ ಲಾರೆನ್‌ಗೆ 15 ವರ್ಷ. 2024ರ ಅಮೆರಿಕ, ಪೆಟ್ರೋಲಿಗಿಂತ ನೀರು ದುಬಾರಿ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಅಪ್ಪನ ದೇವರು ಅವಳ ಮನಸ್ಸಿನಿಂದ ಎಂದೋ ಹೊರಟುಹೋಗಿದ್ದಾನೆ. ಹೇಳುವ ಧೈರ್ಯವಿಲ್ಲದೆ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಾಳೆ. ಒಂದು ದಿನ ಅಪ್ಪ ಮನೆಗೆ ಬರುವುದಿಲ್ಲ. ಹುಡುಕಿ ಸೋತ ನೆರೆಹೊರೆಯವರ ಮುಂದೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಅವನದೇ ಬೈಬಲಿನಿಂದ ಛಲ ಬಿಡದ ವಿಧವೆಯ ಕಥೆ ಹೇಳುವವಳು ಅವಳೇ. ಆ ಪುಟದಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ನಂಬಿಕೆ ಕಳೆದುಕೊಂಡ ಹುಡುಗಿ ನಂಬಿದವರ ದುಃಖ ಹೊರುತ್ತಿದ್ದಳು. ಮುಂದೆ ಅವಳು ತನ್ನದೇ ಧರ್ಮವೊಂದನ್ನು ಕಟ್ಟುತ್ತಾಳೆ. ನಾನದನ್ನು ಒಪ್ಪಲಿಲ್ಲ, ಅವಳ ಜೊತೆ ನಡೆಯುವವರೂ ಎಲ್ಲರೂ ಸುಲಭಕ್ಕೆ ಒಪ್ಪುವುದಿಲ್ಲ.

ಪ್ರಚಾರ ಯಾವುದು ಎಂದು ತಿಳಿಯಲು ನಂಬದ ಪಾತ್ರಕ್ಕೆ ಏನಾಗುತ್ತದೆ ನೋಡಿ. ಅವನು ಒಂದೋ ಶರಣಾಗಬೇಕು, ಇಲ್ಲವೇ ಖಳನಾಗಿ ಸಾಯಬೇಕು ಎಂದಿದ್ದರೆ ಅದು ಪ್ರಚಾರವೇ. ಇದೇ ಅಳತೆಗೋಲು ನಂಬದ ನಮ್ಮ ಕಡೆಯ ಪುಸ್ತಕಗಳಿಗೂ ಸಲ್ಲಬೇಕು. ಜಾನ್ ವಿಂಡಮ್ ಅವರ ‘ದಿ ಕ್ರಿಸಲಿಡ್ಸ್’ (1955) ಕಾದಂಬರಿಯಲ್ಲಿ ಕಾಲಿಗೆ ಆರು ಬೆರಳಿರುವ ಹುಡುಗಿಯನ್ನು ದೇವರ ಹೆಸರಿನಲ್ಲಿ ಊರು ಬಿಡಿಸುತ್ತಾರೆ. ನಾಯಕನ ಅಪ್ಪ, ಆ ಕಟ್ಟಾ ಭಕ್ತನಲ್ಲಿ, ಹುಡುಕಿದರೂ ನನಗೆ ಮೃದುತನ ಸಿಗಲಿಲ್ಲ. ಮೊದಲ ಓದಿಗೆ ಅದು ಕೊರತೆ ಎಂದು ಅನಿಸಿಯೇ ಇರಲಿಲ್ಲ. ನನಗೆ ಬೇಕಾದದ್ದನ್ನೇ ಅದು ಹೇಳುತ್ತಿತ್ತಲ್ಲ!

ಮಗಳ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡಿ. ಅವಳು ಮುಗಿಸಿದ ಮೇಲೆ ನೀವೂ ಓದಿ, ಊಟಕ್ಕೆ ಕೂತಾಗ ಕೇಳಿ: ‘ಇದರಲ್ಲಿ ನಿಮ್ಮಪ್ಪನಂಥವನು ಯಾರಾದರೂ ಇದ್ದಾನಾ? ಅವನನ್ನು ಕೊನೆಗೆ ಏನು ಮಾಡಿದರು?’