ಇಗರ್ಜಿಗೆ ಡ್ರಮ್ ಬಂದ ದಾರಿ

ಮಂಗಳೂರಿನಲ್ಲಿ ಭಾನುವಾರದ ಪೂಜೆ ಮುಗಿಸಿ ಜನ ಇಗರ್ಜಿಯ (ಚರ್ಚಿನ) ಅಂಗಳಕ್ಕೆ ಇಳಿದರೆ ಒಂದು ಮಾತು ಬಂದೇ ಬರುತ್ತದೆ: ಕೊಯರ್‌ನವರ, ಅಂದರೆ ಹಾಡುವ ತಂಡದವರ, ಗದ್ದಲ ಜಾಸ್ತಿಯಾಯಿತು. ಹಳೆ ರಾಗ ಕೇಳಿದರೆ ನಿದ್ದೆ ಬರುತ್ತದೆ ಅನ್ನುತ್ತಾರೆ ಹುಡುಗರು. ಹಳತು ಅಂದರೆ ಯಾವುದು ಅನ್ನುವಲ್ಲೇ ಗೊಂದಲ.

ಈ ಊರಲ್ಲಿ ಎಲ್ಲವೂ ಒಮ್ಮೆ ಹೊಸತೇ. 1834ರಲ್ಲಿ ಬಂದ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಶನ್‌ನವರು ಜರ್ಮನ್ ರಾಗಗಳಿಗೆ ಕನ್ನಡ ಗೀತೆ ಕೂಡಿಸಿದರು. ಕಥೊಲಿಕರ ಪೂಜೆ ಲ್ಯಾಟಿನ್‌ನಲ್ಲಿತ್ತು. ಇಗರ್ಜಿಯೊಳಗೆ ಪಿಯಾನೊ, ಡ್ರಮ್ ಬೇಡವೆಂದು ಪೋಪ್ ಹತ್ತನೇ ಪಿಯುಸ್ 1903ರಲ್ಲಿ ಆಜ್ಞೆ ಹೊರಡಿಸಿದರು. ಮಣ್ಣಿನ ಮಡಕೆಗೆ ಚರ್ಮ ಬಿಗಿದ ನಮ್ಮ ಗುಮಟೆ ಮದುವೆಮನೆಯಲ್ಲೇ ಉಳಿಯಿತು.

1963ರ ಡಿಸೆಂಬರ್ 4ರಂದು, ಜಗತ್ತಿನ ಕಥೊಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿಯ ದಾಖಲೆ ಹೊರಬಂತು. ಪೈಪ್ ಆರ್ಗನ್‌ನ ಮರ್ಯಾದೆ ಹಾಗೇ ಇಟ್ಟು, ಬೇರೆ ವಾದ್ಯಗಳಿಗೂ ಅದು ಅವಕಾಶ ಕೊಟ್ಟಿತು. ಅವು ಪೂಜೆಗೆ ಒಗ್ಗಬೇಕು, ಆಯಾ ನಾಡಿನ ಧರ್ಮಾಧಿಕಾರಿಗಳು ಒಪ್ಪಬೇಕು, ಅಷ್ಟೇ. ಜನರ ಭಾಷೆಗೂ ಜಾಗ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಇಲ್ಲಿ ಪೂಜೆ ಕೊಂಕಣಿಗೆ ಬಂತು. ಅದೇ ದಾಖಲೆಯ ಇನ್ನೊಂದು ಮಾತು ಇಂದಿನ ವಾದದಲ್ಲಿ ಯಾರ ನೆನಪಿಗೂ ಬರುವುದಿಲ್ಲ: ಜನ ಸುಮ್ನೆ ನೋಡುತ್ತಾ ಕೂರಬಾರದು, ತಾವೂ ಪೂಜೆಯಲ್ಲಿ ಸೇರಬೇಕು.

ಆಮೇಲಿನದ್ದು ನಾವೇ ಕಂಡದ್ದು. ಹಾರ್ಮೋನಿಯಂ, ವಯಲಿನ್ ಜೊತೆಗೆ ಗಿಟಾರ್ ಬಂತು. 1967ರಲ್ಲಿ ಅಮೆರಿಕದಲ್ಲಿ ಶುರುವಾದ, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕಥೊಲಿಕ ಕ್ಯಾರಿಸ್ಮ್ಯಾಟಿಕ್ ಚಳವಳಿಯ ಚಪ್ಪಾಳೆ ಹಾಡುಗಳು ಧ್ಯಾನಕೂಟಗಳಿಂದ ಇಳಿದು ಬಂದವು. ಬಳಿಕ ಕೀಬೋರ್ಡ್. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ. ಹಾರ್ಮೋನಿಯಂ ಬಾರಿಸುವವರು ಜನ ಉಸಿರೆಳೆದುಕೊಳ್ಳುವ ತನಕ ಕಾಯುತ್ತಿದ್ದರು. ಕೀಬೋರ್ಡಿನ ಗುಂಡಿ ಒತ್ತಿದರೆ ಡ್ರಮ್ ಶುರು, ಅದು ಯಾರಿಗೂ ಕಾಯುವುದಿಲ್ಲ.

ನಮ್ಮ ಇಗರ್ಜಿಯ ಮುಂದಿನ ಬೆಂಚಿನಲ್ಲಿ ಒಬ್ಬರು ಅಜ್ಜಿ ಕೂರುತ್ತಾರೆ. ಪ್ರತಿ ಸಾಲಿನ ಕೊನೆಯ ಪದವನ್ನು ಎಳೆದು ಹಾಡುವುದು ಅವರ ರೂಢಿ. ಈಗ ಅವರು ಆ ಪದಕ್ಕೆ ಬರುವಷ್ಟರಲ್ಲಿ ಕೊಯರ್ ಮುಂದಿನ ಸಾಲಿನಲ್ಲಿರುತ್ತದೆ. ಎರಡು ಸಾಲು ನೋಡಿ, ಜಪಸರ ಬೆರಳಿಗೆ ಸುತ್ತಿಕೊಂಡು ಬಾಯಿ ಮುಚ್ಚುತ್ತಾರೆ. ಕೊಯರ್‌ನ ಮಕ್ಕಳ ಭಕ್ತಿಗೆ ಕೊರತೆಯಿಲ್ಲ, ಶನಿವಾರ ಸಂಜೆಯಿಡೀ ಪ್ರಾಕ್ಟೀಸ್ ಮಾಡಿರುತ್ತಾರೆ. ಆದರೆ ಆ ಹಾಡನ್ನು ಬೆಂಚಿನಲ್ಲಿ ಕೂತವರಿಗೆ ಯಾರೂ ಕಲಿಸಿಲ್ಲ, ಅಲ್ವಾ?

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮೊದಲು ಒಂಬತ್ತು ದಿನ ಮಕ್ಕಳು ಹೂ ತಂದು ಬಾಲ ಮರಿಯಮ್ಮನಿಗೆ ಎರಚುತ್ತಾ ಹಾಡುತ್ತಾರೆ. ಅಲ್ಲೂ ಕೀಬೋರ್ಡ್ ಇರುತ್ತದೆ. ಕಳೆದ ಸಲ ನಡುವೆ ಕರೆಂಟು ಹೋಯಿತು. ಹಾಡು ನಿಲ್ಲಲಿಲ್ಲ. ಅಜ್ಜಿ ಕೊನೆಯ ಪದ ಎಳೆದರು, ಹೂ ಹಿಡಿದ ಮಕ್ಕಳು ಅವರಿಗೆ ಕಾದರು.