ಪದ ಪರಿಚಯ: ಫೋರ್ಟೆಪಿಯಾನೊ ಮತ್ತು ಪೀರಿಯಡ್ ವಾದ್ಯಗಳು

ಮೊಜಾರ್ಟ್‌ನ ಪಿಯಾನೊ ಕಾನ್ಚೆರ್ಟೊಗಳನ್ನು ಹುಡುಕಿದರೆ ಕೆಲವು ಆಲ್ಬಮ್‌ಗಳ ಮೇಲೆ ‘ಪೀರಿಯಡ್ ಇನ್‌ಸ್ಟ್ರುಮೆಂಟ್ಸ್’ ಎಂಬ ಒಕ್ಕಣೆ ಕಾಣುತ್ತದೆ. ವಾದಕರ ಹೆಸರಿನ ಪಕ್ಕ ಪಿಯಾನೊ ಎನ್ನುವ ಬದಲು ‘ಫೋರ್ಟೆಪಿಯಾನೊ’ ಎಂದಿರುತ್ತದೆ. ಕೃತಿ ಹುಟ್ಟಿದ ಕಾಲದಲ್ಲಿ ಎಂಥ ವಾದ್ಯಗಳಿದ್ದವೋ ಅಂಥವುಗಳಲ್ಲೇ ಅದನ್ನು ನುಡಿಸಿದ್ದಾರೆ ಎಂದು ಇದರರ್ಥ. ವಾದ್ಯ ಅಷ್ಟೇ ಹಳೆಯದಾಗಿರಬೇಕೆಂದೇನೂ ಇಲ್ಲ. ಈಗ ಕೇಳಸಿಗುವ ಫೋರ್ಟೆಪಿಯಾನೊಗಳಲ್ಲಿ ಬಹಳಷ್ಟು ಹಳೆಯ ವಾದ್ಯಗಳ ಅಳತೆ ಹಿಡಿದು ಹೊಸದಾಗಿ ಮಾಡಿದವು. ಜೆಕ್ ದೇಶದಲ್ಲಿ ಕಾರ್ಯಾಗಾರ ನಡೆಸುವ ಪಾಲ್ ಮೆಕ್‌ನಲ್ಟಿ ಅವರ ಹೆಸರು ಇಂಥ ರೆಕಾರ್ಡಿಂಗ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಫೋರ್ಟೆಪಿಯಾನೊ ಎಂದರೆ ಪೂರ್ತಿ ಬೆಳೆಯದ ಪಿಯಾನೊ ಎಂದುಕೊಂಡವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ. ಅದು ಬೇರೆಯೇ ವಾದ್ಯ.

ವಿಯೆನ್ನಾದ ಆಂಟನ್ ವಾಲ್ಟರ್ ಮಾಡಿದ್ದ, ಮೊಜಾರ್ಟ್ ಬಳಸುತ್ತಿದ್ದ ಫೋರ್ಟೆಪಿಯಾನೊ ಈಗ ಸಾಲ್ಸ್‌ಬರ್ಗ್‌ನಲ್ಲಿದೆ. ಅದಕ್ಕೆ ಐದು ಸಪ್ತಕ, 61 ಕೀಲಿ. ಇಂದಿನ ಕಛೇರಿ ಪಿಯಾನೊಗೆ 88. ವಾಲ್ಟರ್‌ನ ಚೌಕಟ್ಟು ಪೂರ್ತಿ ಮರ, ತಂತಿ ತೆಳು, ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳಿಗೆ ಚರ್ಮದ ಹೊದಿಕೆ. ಇಂದಿನ ಪಿಯಾನೊದಲ್ಲಿ ಆ ಜಾಗದಲ್ಲಿ ದಪ್ಪ ಉಣ್ಣೆಯ ಫೆಲ್ಟ್ ಇರುತ್ತದೆ, ಒಳಗೆ ಎರಕದ ಕಬ್ಬಿಣದ ಚೌಕಟ್ಟು ಟನ್‌ಗಟ್ಟಲೆ ಬಿಗಿತವನ್ನು ಹೊತ್ತು ನಿಂತಿರುತ್ತದೆ. ಹಳೆಯದರ ಕೀಲಿ ಬೆರಳು ತಾಕಿದರೆ ಇಳಿಯುವಷ್ಟು ಹಗುರ. ಸ್ವರ ಥಟ್ಟನೆ ಎದ್ದು ಬೇಗ ಆರಿಹೋಗುತ್ತದೆ. ಸಂತೂರ್ ಕೇಳಿ ಅಭ್ಯಾಸವಿರುವವರಿಗೆ ಈ ನಾದದ ಅಂಚು ತೀರಾ ಅಪರಿಚಿತ ಎನಿಸಲಾರದು. ಕೆಳಗಿನ ಸ್ವರಗಳು ತುಸು ಗೊಗ್ಗರು, ನಡುವಿನವು ಮಾತಿನ ಹಾಗೆ ಸ್ಪಷ್ಟ, ಮೇಲಿನವು ಗಾಜಿನಷ್ಟು ತೆಳು. ತಂತಿಯ ನಾದವನ್ನು ಅಡಗಿಸುವ ಡ್ಯಾಂಪರ್‌ಗಳನ್ನು ಎತ್ತಲು ಕಾಲಿನ ಪೆಡಲ್ ಇಲ್ಲ. ಕೀಲಿಮಣೆಯ ಅಡಿಯಲ್ಲಿರುವ ಸನ್ನೆಕೋಲನ್ನು ಮೊಣಕಾಲಿನಿಂದ ಒತ್ತಬೇಕು.

ವಾದ್ಯ ಎಷ್ಟು ಹಗುರವಿತ್ತೆಂದರೆ ಅದನ್ನು ಊರೆಲ್ಲ ಹೊತ್ತು ತಿರುಗುತ್ತಿದ್ದರು. 1785ರಲ್ಲಿ ಮಗನನ್ನು ನೋಡಲು ವಿಯೆನ್ನಾಕ್ಕೆ ಬಂದ ಲಿಯೊಪೋಲ್ಡ್ ಮೊಜಾರ್ಟ್, ತಾನು ಬಂದಮೇಲೆ ಫೋರ್ಟೆಪಿಯಾನೊ ಮನೆಯಿಂದ ನಾಟಕಶಾಲೆಗೋ ಬೇರೆಯವರ ಮನೆಗೋ ಕಡಿಮೆಯೆಂದರೂ ಹನ್ನೆರಡು ಸಲ ಹೋಗಿಬಂದಿದೆ ಎಂದು ಮಗಳಿಗೆ ಬರೆದಿದ್ದಾನೆ. ಆತ ಊರು ತಲುಪಿದ ದಿನ, ಫೆಬ್ರವರಿ 11ರ ಸಂಜೆಯೇ, ಮೇಲ್‌ಗ್ರೂಬೆ ಸಭಾಂಗಣದಲ್ಲಿ ಡಿ ಮೈನರ್ ಕಾನ್ಚೆರ್ಟೊದ ಮೊದಲ ಪ್ರದರ್ಶನ. ಅಪ್ಪ ಬಂದಿಳಿದಾಗ ನಕಲುಗಾರ ಇನ್ನೂ ವಾದ್ಯವೃಂದದ ಹಾಳೆಗಳನ್ನು ಬರೆಯುತ್ತಲೇ ಇದ್ದ. ಕೊನೆಯ ಭಾಗವನ್ನು ಒಮ್ಮೆ ನುಡಿಸಿ ನೋಡಲೂ ಮಗನಿಗೆ ಪುರುಸೊತ್ತಾಗಲಿಲ್ಲವಂತೆ.

ಕಾನ್ಚೆರ್ಟೊ ಎಂದರೆ ಒಬ್ಬ ಏಕವಾದಕ, ಎದುರಿಗೆ ಇಡೀ ವಾದ್ಯವೃಂದ. ಪೀರಿಯಡ್ ವಾದ್ಯದ ಪ್ರಶ್ನೆ ನಿಜಕ್ಕೂ ಮುಖ್ಯವಾಗುವುದು ಇಲ್ಲೇ, ಯಾಕೆಂದರೆ ಬದಲಾಗುವುದು ಪಿಯಾನೊ ಒಂದೇ ಅಲ್ಲ. ಪಿಟೀಲುಗಳಿಗೆ ಉಕ್ಕಿನ ಬದಲು ಕರುಳಿನ ತಂತಿ, ಕೊಳಲು ಮರದ್ದು, ಹಾರ್ನ್ ಮತ್ತು ಟ್ರಂಪೆಟ್‌ಗಳಿಗೆ ವಾಲ್ವ್ ಇಲ್ಲ. ಶ್ರುತಿ ಕೂಡ ಸಾಮಾನ್ಯವಾಗಿ ತುಸು ತಗ್ಗು: ಇಂದಿನ 440 ಹರ್ಟ್ಸ್ ಬದಲು 430ರ ಆಸುಪಾಸು. ಇಂಥ ಗುಂಪಿನ ನಡುವೆ ಇಂದಿನ ಪಿಯಾನೊ ಕೂತರೆ ಎಲ್ಲರನ್ನೂ ನುಂಗಿಬಿಡುತ್ತದೆ. ದೊಡ್ಡ ಆಧುನಿಕ ವೃಂದದೆದುರು ಫೋರ್ಟೆಪಿಯಾನೊ ಇಟ್ಟರೆ ಅದು ಕೇಳಿಸುವುದೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಹಳೆಯ ಅಳತೆಗೆ ತಂದಾಗ ಓಬೋ ಒಂದು ಸಾಲು ಹೇಳಿ, ಪಿಯಾನೊ ಅದಕ್ಕೆ ಉತ್ತರ ಕೊಟ್ಟು, ಬಸೂನ್ ನಡುವೆ ಬಾಯಿ ಹಾಕುವುದು ಕಿವಿಗೆ ಬೀಳುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ವೃಂದ ಒಂದೇ ನುಡಿಸುವ ಕಡೆಗಳಲ್ಲೂ ಮೊಜಾರ್ಟ್ ತನ್ನ ಹಸ್ತಪ್ರತಿಯಲ್ಲಿ ಪಿಯಾನೊದ ಎಡಗೈ ಸಾಲಿಗೆ ‘ಕೋಲ್ ಬಾಸ್ಸೊ’, ಅಂದರೆ ಬಾಸ್ ಜತೆ ನುಡಿಸು ಎಂದು ಬರೆಯುತ್ತಿದ್ದ. ಏಕವಾದಕ ಕೈಕಟ್ಟಿ ತನ್ನ ಸರದಿಗೆ ಕಾಯುತ್ತಿರಲಿಲ್ಲ. ಈಗ ಫೋರ್ಟೆಪಿಯಾನೊ ನುಡಿಸುವ ಅನೇಕರು ಆ ರೂಢಿಯನ್ನು ಮತ್ತೆ ಹಿಡಿದಿದ್ದಾರೆ. ಸ್ಟೈನ್‌ವೇಯಂಥ ದೊಡ್ಡ ಆಧುನಿಕ ಪಿಯಾನೊದಲ್ಲಿ ಹಾಗೆ ಮಾಡಿದರೆ ಬಾಸ್ ಉಬ್ಬಿ ಕೆಡುತ್ತದೆ.

ಬೀಥೋವನ್‌ನ ಮೊದಲ ಕಾನ್ಚೆರ್ಟೊದಲ್ಲಿ ಒಂದೇ ಒಂದು ಸ್ವರದ ಕತೆಯಿದೆ. ಮೊದಲ ಭಾಗದಲ್ಲಿ ಸಂಗೀತ ಜಿ ಮೇಜರ್‌ಗೆ ಹೊರಳಿದ ಮೇಲೆ ಬಲಗೈ ಮೇಲೇರುತ್ತದೆ. ಕಿವಿ ಎಫ್ ಶಾರ್ಪ್‌ಗಾಗಿ ಕಾಯುತ್ತಿರುತ್ತದೆ, ಆದರೆ ಹಾಳೆಯಲ್ಲಿರುವುದು ಬರಿಯ ಎಫ್. ಆ ಕಾಲದ ಕೀಲಿಮಣೆ ಎಫ್‌ಗೇ ಮುಗಿಯುತ್ತಿತ್ತು! ಇಂದಿನ ಪಿಯಾನೊದಲ್ಲಿ ಮೇಲೆ ಜಾಗವಿರುವುದರಿಂದ ಅನೇಕರು ಶಾರ್ಪ್ ಸೇರಿಸಿಯೇ ನುಡಿಸುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ, ಕೀಲಿ ಇದ್ದಿದ್ದರೆ ಬೀಥೋವನ್ನನೂ ಅದನ್ನೇ ಬರೆಯುತ್ತಿದ್ದನೇನೋ. ಅದೇ ಬೀಥೋವನ್‌ನ ನಾಲ್ಕನೆಯ ಕಾನ್ಚೆರ್ಟೊದ ಎರಡನೇ ಭಾಗಕ್ಕೆ ಬಂದರೆ ಲೆಕ್ಕ ಉಲ್ಟಾ. ಅಲ್ಲಿ ಒಂದು ಸ್ವರಕ್ಕಿರುವ ಮೂರು ತಂತಿಗಳಲ್ಲಿ ಒಂದರಲ್ಲಷ್ಟೇ ನುಡಿಸಿ, ನಡುವೆ ಎರಡಕ್ಕೆ, ಆಮೇಲೆ ಮೂರಕ್ಕೆ ಹೋಗಿ ಎಂಬ ಸೂಚನೆಯಿದೆ. ಆ ಕಾಲದ ಪಿಯಾನೊದಲ್ಲಿ ಅದು ಸಾಧ್ಯವಿತ್ತು. ಇಂದಿನ ಪಿಯಾನೊದ ಎಡ ಪೆಡಲ್ ಸುತ್ತಿಗೆಯನ್ನು ಮೂರು ತಂತಿಯಿಂದ ಎರಡಕ್ಕೆ ಸರಿಸುತ್ತದೆ, ಅಷ್ಟೇ. ಹೊಸದು ಎಲ್ಲದರಲ್ಲೂ ಮುಂದೆ ಎನ್ನುವವರಿಗೆ ನಾನು ಮೊದಲು ತೋರಿಸುವುದು ಈ ಪುಟವನ್ನು.

ಮೊಜಾರ್ಟ್‌ನ ಎಲ್ಲ ಕಾನ್ಚೆರ್ಟೊಗಳನ್ನು ಹೀಗೆ ನುಡಿಸಿ ದಾರಿ ಮಾಡಿದವರಲ್ಲಿ ಮಾಲ್ಕಮ್ ಬಿಲ್ಸನ್ ಮುಖ್ಯರು. ಜಾನ್ ಎಲಿಯಟ್ ಗಾರ್ಡಿನರ್ ಅವರ ಇಂಗ್ಲಿಷ್ ಬರೋಕ್ ಸೋಲೋಯಿಸ್ಟ್ಸ್ ವೃಂದದ ಜತೆಗಿನ ಅವರ ಸರಣಿ 1980ರ ದಶಕದ್ದು. ವೃಂದ ನಿರ್ದೇಶಕ ಕ್ರಿಸ್ಟಫರ್ ಹಾಗ್‌ವುಡ್ ಜತೆ ರಾಬರ್ಟ್ ಲೆವಿನ್ ಆರಂಭಿಸಿದ ಸರಣಿ ಅರ್ಧಕ್ಕೆ ನಿಂತು, ಹಾಗ್‌ವುಡ್ ತೀರಿಕೊಂಡ ಮೇಲೆ, ತೀರಾ ಈಚೆಗೆ ಮುಗಿಯಿತು. ಲೆವಿನ್ ಕೆಡೆಂಜಾಗಳನ್ನು, ಅಂದರೆ ವೃಂದ ನಿಂತು ಏಕವಾದಕನಿಗೆ ಬಿಟ್ಟುಕೊಡುವ ಜಾಗಗಳನ್ನು, ಆಗಿಂದಾಗಲೇ ಮನೋಧರ್ಮದಿಂದ ತುಂಬುತ್ತಾರೆ. ಮೊದಲು ಕೇಳಲು ನಾನು ಸೂಚಿಸುವುದು ಅವರನ್ನೇ.

ಆದರೆ ‘ಪೀರಿಯಡ್’ ಎಂದರೆ ಯಾವ ಪೀರಿಯಡ್? ಸಾಲ್ಸ್‌ಬರ್ಗ್‌ನ ಆ ವಾಲ್ಟರ್‌ನ ಒಳಭಾಗವನ್ನು ಮೊಜಾರ್ಟ್ ಸತ್ತ ಮೇಲೆ ಬದಲಿಸಿರಬೇಕು ಎಂದು ವಾದಿಸಿದ ತಜ್ಞರಿದ್ದಾರೆ. ಹಾಗಿದ್ದರೆ ಅದರ ಅಚ್ಚುಕಟ್ಟಾದ ಪ್ರತಿಯೂ ಅವನು ಕೇಳಿದ ನಾದವನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ಮೇಲಾಗಿ ಒಬ್ಬೊಬ್ಬ ಸಂಯೋಜಕನ ಕಾಲ ಒಂದೊಂದು. ಶೋಪ್ಯಾನ್ ತನ್ನ ಎರಡು ಕಾನ್ಚೆರ್ಟೊಗಳನ್ನು ವಾರ್ಸಾದಲ್ಲಿ ಮೊದಲು ನುಡಿಸಿದ್ದು 1830ರಲ್ಲಿ. ಅಷ್ಟರಲ್ಲಿ ಪಿಯಾನೊ ಆಗಲೇ ದೊಡ್ಡದಾಗಿತ್ತು, ಐದು ಸಪ್ತಕದ ವಾಲ್ಟರ್ ಅವಕ್ಕೆ ಸಾಲದು. 2018ರಲ್ಲಿ ವಾರ್ಸಾದಲ್ಲಿ ಪೀರಿಯಡ್ ವಾದ್ಯಗಳಿಗೆಂದೇ ಮೊದಲ ಶೋಪ್ಯಾನ್ ಸ್ಪರ್ಧೆ ನಡೆದಾಗ ಸ್ಪರ್ಧಿಗಳ ಮುಂದೆ ಎರಾರ್, ಪ್ಲೆಯೆಲ್, ಬ್ರಾಡ್‌ವುಡ್ ತಯಾರಕರ ಪಿಯಾನೊಗಳಿದ್ದವು, ವಾರ್ಸಾದವನೇ ಆದ ಬುಖೋಲ್ಟ್ಸ್‌ನ ಪಿಯಾನೊದ ಪ್ರತಿಯೂ ಇತ್ತು. ಹಾಗಾಗಿ ಆಲ್ಬಮ್ ಕೈಗೆ ಬಂದಾಗ ‘ಪೀರಿಯಡ್’ ಎಂಬ ಒಕ್ಕಣೆಯೊಂದನ್ನೇ ಓದಿ ಬಿಡಬೇಡಿ, ವಾದ್ಯ ಮಾಡಿದವನ ಹೆಸರು, ಮೂಲದ ಇಸವಿ ಎರಡನ್ನೂ ನೋಡಿ.