ಜನರೇಟರಿಗೆ ಎರಡು ಕಡಿವಾಣ

ಮದುವೆ ಮನೆ ಹಿಂದೆ ಡೀಸೆಲ್ ಜನರೇಟರ್ ಓಡುತ್ತಿರುತ್ತದೆ. ಅಡುಗೆಯವರು ಗ್ರೈಂಡರ್ ಹಾಕಿದ ಕೂಡಲೇ ಎಂಜಿನ್ ಸದ್ದು ದಪ್ಪಗಾಗುತ್ತದೆ, ದೀಪಗಳು ಮಂಕಾಗುತ್ತವೆ. ಎರಡೇ ಕ್ಷಣ, ಮತ್ತೆ ಎಲ್ಲ ಮೊದಲಿನಂತೆ. ಅಷ್ಟರಲ್ಲಿ ಅಲ್ಲಿ ಇಬ್ಬರು ಕೆಲಸ ಮಾಡಿರುತ್ತಾರೆ: ವೇಗ ನೋಡಿಕೊಳ್ಳುವ ಗವರ್ನರ್, ವೋಲ್ಟೇಜ್ ನೋಡಿಕೊಳ್ಳುವ ಎವಿಆರ್ (ಆಟೊಮ್ಯಾಟಿಕ್ ವೋಲ್ಟೇಜ್ ರೆಗ್ಯುಲೇಟರ್).

ಇವರಲ್ಲಿ ಗವರ್ನರ್ ತುಂಬಾ ಹಿರಿಯ. ಗಾಳಿಗಿರಣಿಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಉಪಾಯವನ್ನು ಜೇಮ್ಸ್ ವಾಟ್ 1788ರಲ್ಲಿ ಉಗಿ ಎಂಜಿನ್‌ಗೆ ತಂದ. ವೇಗ ಜಾಸ್ತಿಯಾದರೆ ತಿರುಗುವ ಎರಡು ಗುಂಡುಗಳು ಹೊರಕ್ಕೆ ಹರಡಿ ಉಗಿಯನ್ನು ತಡೆಯುತ್ತವೆ. ಕಡಿಮೆಯಾದರೆ ಒಳಕ್ಕೆ ಬಂದು ಜಾಸ್ತಿ ಉಗಿ ಬಿಡುತ್ತವೆ. ಸುಲಭ, ಅಲ್ವಾ? ಆದರೆ ಕೆಲವು ಎಂಜಿನ್‌ಗಳ ವೇಗ ಒಂದೆಡೆ ನಿಲ್ಲದೆ ಏರುತ್ತ ಇಳಿಯುತ್ತ ಇರುತ್ತಿತ್ತು. ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಅದನ್ನು ‘ಹಂಟಿಂಗ್’ ಅನ್ನುತ್ತಾರೆ. ಅದರ ಗಣಿತವನ್ನು 1868ರಲ್ಲಿ ಬಿಡಿಸಿಟ್ಟದ್ದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್.

ಎಸಿ ಕರೆಂಟ್ ಬಂದ ಮೇಲೆ ವೇಗವೇ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಅನ್ನುವ ಲೆಕ್ಕ, ಹರ್ಟ್ಜ್‌ನಲ್ಲಿ) ಆಯಿತು. 4 ಪೋಲ್‌ಗಳ (ಅಯಸ್ಕಾಂತ ಧ್ರುವಗಳ) ಜನರೇಟರ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಜ್. 1440ಕ್ಕೆ ಇಳಿದರೆ 48. ಮೆಕ್ಯಾನಿಕಲ್ ಗವರ್ನರ್ ಇದ್ದರೆ ಲೋಡ್ ಇಲ್ಲದಾಗ 52 ತೋರಿಸಿ, ಪೂರ್ತಿ ಲೋಡ್ ಬಿದ್ದಾಗ 50ಕ್ಕೆ ಬರುವುದು ಮಾಮೂಲು. ಅದು ದೋಷವಲ್ಲ. ಎಲೆಕ್ಟ್ರಾನಿಕ್ ಗವರ್ನರ್ ಮಾತ್ರ ಲೋಡ್ ಎಷ್ಟಿದ್ದರೂ 50ಕ್ಕೇ ಹಿಡಿದಿಡಬಲ್ಲದು.

ವೋಲ್ಟೇಜಿನ ದಾರಿ ಬೇರೆ. ಜನರೇಟರ್ ಒಳಗೆ ಅಯಸ್ಕಾಂತ ಬಲ ಹುಟ್ಟಿಸುವ ಫೀಲ್ಡ್ ಕಾಯಿಲ್‌ಗೆ ಕೊಡುವ ಕರೆಂಟ್ ಹೆಚ್ಚು ಕಡಿಮೆ ಮಾಡಿ ಅದನ್ನು ಹಿಡಿದಿಡಬೇಕು. ಮೊದಮೊದಲು ಒಬ್ಬ ಆಪರೇಟರ್ ಮೀಟರ್ ನೋಡುತ್ತ ಕೈಯಲ್ಲೇ ಆ ಕರೆಂಟ್ ಹೊಂದಿಸುವ ರಿಯೋಸ್ಟಾಟ್ ತಿರುಗಿಸುತ್ತಿದ್ದ. 20ನೇ ಶತಮಾನದ ಆರಂಭದಲ್ಲಿ ಪಟಪಟನೆ ಕೂಡಿ ಬಿಡುವ ಕಾಂಟ್ಯಾಕ್ಟ್‌ಗಳ ಟಿರಿಲ್ ರೆಗ್ಯುಲೇಟರ್ ಆ ಕೆಲಸಕ್ಕೆ ಬಂತು. ಈಗ ಅಂಗೈ ಅಗಲದ ಎವಿಆರ್ ಬೋರ್ಡ್ ಸಾಕು.

ಎರಡು ಕಡಿವಾಣ ಬೇರೆ ಬೇರೆ ಅನ್ನುವುದು ಮರೆತಾಗಲೇ ಎಡವಟ್ಟು. ಎವಿಆರ್ ಇಲ್ಲದೆ ಬರೀ ಕೆಪಾಸಿಟರ್ ಮೇಲೆ ನಡೆಯುವ ಸಣ್ಣ ಜನರೇಟರ್ ಸೆಟ್‌ಗಳಲ್ಲಿ ವೇಗ ಏರಿಸಿದರೆ ವೋಲ್ಟೇಜೂ ಏರುತ್ತದೆ. ಮೀಟರಿನಲ್ಲಿ 230 ಬಂತು ಅಂತ ಖುಷಿಪಟ್ಟರೆ ಫ್ರೀಕ್ವೆನ್ಸಿ 54 ದಾಟಿರುತ್ತದೆ, ಯುಪಿಎಸ್ ಆ ಕರೆಂಟ್ ಬೇಡವೆಂದು ಕೀಂಗುಟ್ಟುತ್ತದೆ. ಎವಿಆರ್ ಇರುವ ಸೆಟ್‌ನಲ್ಲಿ ಇದರ ತಿರುವುಮುರುವು. ಎಂಜಿನ್ ಸೋತು ವೇಗ ತೀರಾ ಬಿದ್ದರೆ, ಅದರ ಹೊರೆ ಇಳಿಸಲು, ಕಾಯಿಲ್ ಬಿಸಿಯಾಗದಿರಲು ಎವಿಆರ್ ತಾನೇ ಬೇಕೆಂದು ವೋಲ್ಟೇಜ್ ಇಳಿಸುತ್ತದೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಸೋತಿದ್ದಕ್ಕೆ ಸುಮ್ನೆ ಎವಿಆರ್ ಬೋರ್ಡ್ ಬದಲಾಯಿಸಿ ದುಡ್ಡು ಕಳೆದುಕೊಳ್ಳುವುದು ಹೀಗೆಯೇ. ಮೊದಲು ಹರ್ಟ್ಜ್ ನೋಡಬೇಕು, ಆಮೇಲೆ ವೋಲ್ಟ್.